ಸ್ಟೋಮಾದ ಬದಿಯ ಹರ್ನಿಯಾ: ರುಜು ಹಾಕುವ ಮುನ್ನ ತಿಳಿಯಬೇಕಾದುದು

ಮನೆಯೊಳಗೇ ಆಡಲು ನಾಚುವ ಮಾತುಗಳನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾವು ಬಹಳ ದಿನ ಯೋಚಿಸಿದೆವು. ಕೊನೆಗೆ ಧೈರ್ಯ ಕೊಟ್ಟವರು ನಮ್ಮ ಅಣ್ಣನವರೇ. "ನನ್ನ ಹೆಸರು ಹಾಕಬೇಡ, ಮಿಕ್ಕದ್ದೆಲ್ಲ ಬರೆ. ನಮ್ಮ ಹಾಗೆ ಇನ್ನೊಬ್ಬ ಏನೂ ತಿಳಿಯದೆ ಕಾಗದಕ್ಕೆ ರುಜು ಹಾಕುವುದು ಬೇಡ ಮಾರಾಯ" ಎಂದರು. ನಾವು ವೈದ್ಯರಲ್ಲ, ಕಾಸರಗೋಡಿನ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರು. ತನಗೆ ಅರ್ಥವಾಗದುದನ್ನು ಇನ್ನೊಬ್ಬರಿಗೆ ಅರ್ಥಪಡಿಸಲಾಗದು ಎಂಬುದು ಅಧ್ಯಾಪಕ ತರಬೇತಿಯಲ್ಲಿ ನಾವು ಕಲಿತ ಮೊದಲ ಪಾಠ. ಆದುದರಿಂದ ವೈದ್ಯರನ್ನು ಕೇಳಿ, ಓದಿ, ನಮಗೆ ಮನದಟ್ಟಾದಷ್ಟನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇವೆ.

2016ರಲ್ಲಿ ಅಣ್ಣನವರಿಗೆ ಗುದನಾಳದ ಅರ್ಬುದರೋಗ ತಗಲಿರುವುದು ಗೊತ್ತಾಯಿತು. ಗೆಡ್ಡೆಯು ಮಲದ್ವಾರಕ್ಕೆ ತೀರ ಸಮೀಪವಿದ್ದುದರಿಂದ ವೈದ್ಯರು ಗುದನಾಳವನ್ನೂ ಮಲದ್ವಾರವನ್ನೂ ತೆಗೆದು, ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಎಡಮಗ್ಗುಲಿನಲ್ಲಿ ಹೊರಕ್ಕೆ ತಂದು ಚರ್ಮಕ್ಕೆ ಹೊಲಿದರು. ಈ ಬಗೆಯ ಶಸ್ತ್ರಕ್ರಿಯೆಯನ್ನು ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಎಂಬವರು 1908ರಲ್ಲಿ ವೈದ್ಯಲೋಕದ ಮುಂದಿಟ್ಟರು. ಅಂದಿನಿಂದ ಅದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಹೀಗೆ ಹೊರಗೆ ತಂದ ಕರುಳಿನ ತುದಿಗೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಬಾಯಿ ಎಂದೇ ಅರ್ಥ. ದೊಡ್ಡ ಕರುಳಾದರೆ ಕೊಲೊಸ್ಟಮಿ, ಸಣ್ಣ ಕರುಳಾದರೆ ಇಲಿಯಾಸ್ಟಮಿ. ಅದಕ್ಕೆ ತಡೆದು ಹಿಡಿಯುವ ಶಕ್ತಿಯಿಲ್ಲ. ಆದುದರಿಂದ ಮೇಲೆ ಒಂದು ಚೀಲವನ್ನು ಅಂಟಿಸಿಕೊಂಡಿರಬೇಕು.

ಚೀಲಕ್ಕೆ ಅಣ್ಣನವರು ಆರು ತಿಂಗಳಲ್ಲಿ ಒಗ್ಗಿಕೊಂಡರು. ತೋಟಕ್ಕೂ ಇಳಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಸ್ಟೋಮಾದ ಬದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಾಣಿಸಿತು. ಮಲಗಿದರೆ ಮಾಯ, ಎದ್ದರೆ, ಕೆಮ್ಮಿದರೆ ಪ್ರತ್ಯಕ್ಷ. ಮಳೆಗಾಲ ಮುಗಿಯುವಾಗ ಅದು ತೆಂಗಿನಕಾಯಿಯ ಗಾತ್ರಕ್ಕೆ ಬೆಳೆದಿತ್ತು. ಉಬ್ಬಿದ ಚರ್ಮದ ಮೇಲೆ ಚೀಲ ನಿಲ್ಲದೆ, ಬದಿಯಿಂದ ಸೋರತೊಡಗಿತು. ಅಣ್ಣನವರು ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟರು. ಕರೆಯಲು ಬಂದವರಿಗೆ ಅತ್ತಿಗೆಯವರು ಏನಾದರೊಂದು ನೆಪ ಹೇಳಿ ಕಳುಹಿಸುತ್ತಿದ್ದರು.

ಈ ಉಬ್ಬು ಏನು? ಹೊಟ್ಟೆಯ ಗೋಡೆಯು ಚರ್ಮ, ಕೊಬ್ಬು, ಸ್ನಾಯು, ಅದನ್ನು ಹೊದೆದ ಗಟ್ಟಿ ಪೊರೆ, ಎಲ್ಲಕ್ಕೂ ಒಳಗೆ ತೆಳುವಾದ ಒಂದು ಹಾಳೆ, ಹೀಗೆ ಪದರಪದರವಾಗಿ ಕೂಡಿದ್ದು. ಕರುಳು ತನ್ನ ಸ್ಥಾನದಲ್ಲಿ ನಿಲ್ಲುವುದು ಈ ಗೋಡೆಯ ಬಲದಿಂದ. ಸ್ಟೋಮಾ ಮಾಡಬೇಕಾದರೆ ವೈದ್ಯರು ಆ ಗೋಡೆಯಲ್ಲಿ ಬೇಕೆಂದೇ ಒಂದು ಕಿಂಡಿ ಕೊರೆಯಬೇಕಾಗುತ್ತದೆ. ಕಾಲಕ್ರಮದಲ್ಲಿ ಕಿಂಡಿ ಹಿಗ್ಗಿದರೆ, ಹೊರಗೆ ಬಂದ ಕರುಳಿನ ಪಕ್ಕದಿಂದ ಒಳಗಿನ ಬೇರೆ ಕರುಳೂ ನುಸುಳಿ ಬಂದು ಚರ್ಮದಡಿಯಲ್ಲಿ ಕೂರುತ್ತದೆ. ಇದೇ ಸ್ಟೋಮಾದ ಬದಿಯ ಹರ್ನಿಯಾ.

ಕಿಂಡಿ ಹಿಗ್ಗುವುದೇಕೆ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವುಂಟು. ಫ್ರಾನ್ಸಿನ ಲಾಪ್ಲಾಸನ ನಿಯಮದಂತೆ, ಒಳಗಿನ ಒತ್ತಡ ಒಂದೇ ಆಗಿದ್ದರೂ ಸುತ್ತಳತೆ ಹೆಚ್ಚಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಮಕ್ಕಳು ಬಲೂನು ಊದುವಾಗ ಮೊದಲು ಕಷ್ಟ, ಮೇಲೆ ಮೇಲೆ ಸುಲಭವಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅಂತೆಯೇ, ಒಮ್ಮೆ ಹಿಗ್ಗಿದ ಕಿಂಡಿ ಮತ್ತಷ್ಟು ಹಿಗ್ಗಲು ಸಿದ್ಧವಾಗಿಯೇ ಇರುತ್ತದೆ. ಬೊಜ್ಜು, ದೀರ್ಘಕಾಲದ ಕೆಮ್ಮು, ಧೂಮಪಾನ, ಭಾರ ಎತ್ತುವಿಕೆ ಇವೆಲ್ಲ ಅದಕ್ಕೆ ಸಹಾಯಕ. ಅಣ್ಣನವರು ಬೀಡಿ ಸೇದುತ್ತಿದ್ದರು. ಔಷಧಿ ಹೊಡೆಯುವ ಪಂಪನ್ನೂ ಬೆನ್ನಿಗೇರಿಸುತ್ತಿದ್ದರು.

ಇದು ಅಪರೂಪದ ತೊಡಕೆಂದು ತಿಳಿದಿದ್ದ ನಮಗೆ ನಿಜಾಂಶ ತಿಳಿದಾಗ ಆಶ್ಚರ್ಯವಾಯಿತು. ಕೊಲೊಸ್ಟಮಿ ಮಾಡಿಸಿಕೊಂಡವರಲ್ಲಿ ಸ್ವಲ್ಪವಾದರೂ ಹರ್ನಿಯಾ ಬರುವುದು ಹೆಚ್ಚುಕಡಿಮೆ ಅನಿವಾರ್ಯವೆಂಬ ಅಭಿಪ್ರಾಯ ಇಂಗ್ಲೆಂಡಿನ ಲೀಡ್ಸ್ ನಗರದ ಹಿರಿಯ ಶಸ್ತ್ರವೈದ್ಯ ಗೋಲಿಗರ್ ಅವರದಾಗಿತ್ತು. ಯೂರೋಪಿನ ಹರ್ನಿಯಾ ವೈದ್ಯರ ಸಂಘವು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಒಂದು ವರ್ಷದೊಳಗೆ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು, ಎರಡು ವರ್ಷಕ್ಕೆ ನಲವತ್ತರಷ್ಟು, ಇನ್ನೂ ಹೆಚ್ಚು ಕಾಲ ಕಳೆದರೆ ಅರ್ಧದಷ್ಟು ಮಂದಿಗೆ ಇದು ಬರುತ್ತದೆ. ಅಂದರೆ ತಪ್ಪು ರೋಗಿಯದೂ ಅಲ್ಲ, ಬಹಳ ಸಲ ವೈದ್ಯರದೂ ಅಲ್ಲ.

ಬಂದವರೆಲ್ಲರೂ ಶಸ್ತ್ರಕ್ರಿಯೆಗೆ ಓಡಬೇಕಾಗಿಯೂ ಇಲ್ಲ. ಉಬ್ಬು ಚಿಕ್ಕದಿದ್ದು ನೋವಿಲ್ಲದೆ, ಚೀಲ ಸರಿಯಾಗಿ ಕೂರುತ್ತಿದ್ದರೆ ಹೊಟ್ಟೆಗೆ ಅಗಲವಾದ ಪಟ್ಟಿ ಕಟ್ಟಿಕೊಂಡು, ತೂಕ ಇಳಿಸಿ, ಬಹುಕಾಲ ಬಾಳುವವರುಂಟು. ಪದೇಪದೇ ನೋವು, ಚೀಲದ ಸೋರಿಕೆ, ಕರುಳು ಕಟ್ಟಿಕೊಳ್ಳುವ ಲಕ್ಷಣ, ಇವಿದ್ದರೆ ರಿಪೇರಿಯ ಮಾತು. ಒಂದನ್ನು ಮಾತ್ರ ಮನೆಯವರೆಲ್ಲ ನೆನಪಿಡತಕ್ಕದ್ದು: ಉಬ್ಬು ಒಳಗೆ ಹೋಗದೆ ಬಿಗಿದು ನೋಯುತ್ತಿದ್ದರೆ, ವಾಂತಿಯಾಗಿ ಚೀಲಕ್ಕೆ ಏನೂ ಬಾರದಿದ್ದರೆ, ಕೆಂಪಗಿರಬೇಕಾದ ಸ್ಟೋಮಾ ಕಪ್ಪಾಗಿ ಕಂಡರೆ, ಬೆಳಗಾಗಲೆಂದು ಕಾಯಕೂಡದು. ಸಿಕ್ಕಿಬಿದ್ದ ಕರುಳಿಗೆ ರಕ್ತ ನಿಂತಿರುತ್ತದೆ.

ಅಣ್ಣನವರ ಮೊದಲ ರಿಪೇರಿ ಆದದ್ದು 2019ರ ಆರಂಭದಲ್ಲಿ. ಯಾವ ಆಸ್ಪತ್ರೆ, ಯಾವ ವೈದ್ಯರು ಎಂಬುದು ಇಲ್ಲಿ ಬೇಡ. ಒಪ್ಪಿಗೆಪತ್ರವು ಇಂಗ್ಲಿಷಿನಲ್ಲಿತ್ತು, ಕೆಳಗೆ ಮಲೆಯಾಳದಲ್ಲಿ ನಾಲ್ಕು ಸಾಲು. ಅಣ್ಣನವರು ಓದಬಲ್ಲುದು ಕನ್ನಡ ಒಂದನ್ನೇ. ನಾವು ಓದಬಲ್ಲವರಾಗಿದ್ದೂ ಓದಲಿಲ್ಲ. "ಹರ್ನಿಯಾ ಆಪರೇಶನ್ ತಾನೇ, ಊರಲ್ಲಿ ಎಷ್ಟು ಮಂದಿಗೆ ಆಗಿಲ್ಲ" ಎಂದು ರುಜು ಹಾಕಿಸಿದೆವು. ಮುವ್ವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದ ನಮಗೆ ಇಂದಿಗೂ ನಾಚಿಕೆಯಾಗುವ ಸಂಗತಿ ಇದು. ಹದಿನಾಲ್ಕು ತಿಂಗಳಲ್ಲಿ ಉಬ್ಬು ಮರಳಿ ಬಂತು, ಮೊದಲಿಗಿಂತ ದೊಡ್ಡದಾಗಿ. ಅದೂ 2020ರ ವಸಂತದಲ್ಲಿ, ಸಾಂಕ್ರಾಮಿಕದ ಭಯದಿಂದ ಗಡಿಯ ರಸ್ತೆಗಳು ಮುಚ್ಚಿದ್ದ ದಿನಗಳಲ್ಲಿ. ಮಂಗಳೂರಿನಿಂದ ತರಿಸುತ್ತಿದ್ದ ಚೀಲಗಳೇ ಬಾರದೆ, ಇದ್ದುದನ್ನು ತೊಳೆದು ತೊಳೆದು ಹಾಕಿಕೊಂಡ ಕಷ್ಟವನ್ನು ಅತ್ತಿಗೆಯವರು ಈಗಲೂ ಹೇಳುತ್ತಾರೆ.

ಆಮೇಲೆ ಹಳೆಯ ಕಾಗದಗಳನ್ನು ಬಿಡಿಸಿ ನೋಡಿದಾಗ ತಿಳಿಯಿತು: ಅಣ್ಣನವರಿಗೆ ಮಾಡಿದ್ದು ಬರಿಯ ಹೊಲಿಗೆ.

ಇಲ್ಲಿಂದ ನಮ್ಮ ನಿಜವಾದ ವಿಷಯ. ತೊಡೆಸಂದಿಯ ಹರ್ನಿಯಾದಲ್ಲಿ ಗೋಡೆಯ ತೂತನ್ನು ಭದ್ರವಾಗಿ ಮುಚ್ಚಿಬಿಡಬಹುದು. ಸ್ಟೋಮಾದಲ್ಲಿ ಹಾಗಲ್ಲ, ಕರುಳು ಹಾದುಹೋಗಲು ದಾರಿ ಬಿಡಲೇಬೇಕು. ಪೂರ್ತಿ ಮುಚ್ಚಿದರೆ ಪ್ರಾಣಾಪಾಯ, ಸಡಿಲವಾಗಿ ಬಿಟ್ಟರೆ ಹರ್ನಿಯಾ. ನೂರು ವರ್ಷಗಳಿಂದ ವೈದ್ಯರು ಈ ಇಕ್ಕಟ್ಟಿನೊಂದಿಗೇ ಸೆಣಸುತ್ತಿದ್ದಾರೆ.

ಹೊಲಿಗೆಯ ವಿಧಾನ ಎಲ್ಲಕ್ಕಿಂತ ಸುಲಭದ್ದು. ಸ್ಟೋಮಾದ ಪಕ್ಕದಲ್ಲಿ ಚರ್ಮ ಕೊಯ್ದು, ಹಿಗ್ಗಿದ ಕಿಂಡಿಯ ಅಂಚುಗಳನ್ನು ಎಳೆದು ನೂಲಿನಿಂದ ಕಿರಿದುಗೊಳಿಸುವುದು. ಹೊಟ್ಟೆಯನ್ನು ಪೂರ್ತಿ ತೆರೆಯಬೇಕಾಗಿಲ್ಲ, ಖರ್ಚು ಕಡಿಮೆ, ಬೇಗ ಮನೆಗೆ ಬರಬಹುದು. ಆದರೆ ಹರಕು ಗೋಣಿಯನ್ನು ಹೊಸ ಹುರಿಯಿಂದ ಹೊಲಿದರೆ ಏನಾಗುತ್ತದೆಂದು ಅಡಕೆ ತುಂಬಿಸಿದವರೆಲ್ಲ ಬಲ್ಲರು. ಹುರಿ ಗಟ್ಟಿಯಾಗಿಯೇ ಇರುತ್ತದೆ, ಗೋಣಿ ಮತ್ತೆ ಹರಿಯುತ್ತದೆ. ಈ ಎಲ್ಲ ವಿಧಾನಗಳ ಬಗ್ಗೆ ಪ್ರಕಟವಾಗಿದ್ದ ವರದಿಗಳನ್ನು ಯೂರೋಪಿನ ಶಸ್ತ್ರವೈದ್ಯರ ಒಂದು ತಂಡ ಕಲೆಹಾಕಿ 2012ರಲ್ಲಿ ಪರಿಶೀಲಿಸಿತು. ಬರಿಯ ಹೊಲಿಗೆ ಹಾಕಿಸಿಕೊಂಡವರಲ್ಲಿ ನೂರಕ್ಕೆ 69 ಮಂದಿಗೆ ಹರ್ನಿಯಾ ಮರುಕಳಿಸಿತ್ತು. ಈ ಅಂಕಿಯನ್ನು ಅಣ್ಣನವರಿಗೆ ಓದಿ ಹೇಳಿದಾಗ ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹಾಗೆಂದು ಹೊಲಿಗೆ ಎಂದೂ ಸಲ್ಲದೆಂದಲ್ಲ. ಕರುಳು ಸಿಕ್ಕಿಬಿದ್ದು ತುರ್ತಾಗಿ ಕೊಯ್ಯಬೇಕಾದಾಗ, ಒಳಗೆ ಮಲಿನವಾಗಿದ್ದಾಗ, ಇಲ್ಲವೆ ರೋಗಿಯ ದೇಹ ದೊಡ್ಡ ಶಸ್ತ್ರಕ್ರಿಯೆಯನ್ನು ತಾಳಲಾರದಾಗ ವೈದ್ಯರಿಗೆ ಬೇರೆ ದಾರಿ ಇಲ್ಲದಿರಬಹುದು. ಅಣ್ಣನವರದು ತುರ್ತಲ್ಲ. ನಾವು ಕೇಳಬೇಕಿತ್ತು, ಕೇಳಲಿಲ್ಲ.

ಇನ್ನೊಂದು ಹಳೆಯ ದಾರಿ ಸ್ಟೋಮಾವನ್ನೇ ಬೇರೆಡೆಗೆ ಸಾಗಿಸುವುದು. ಎಡಗಡೆಯದನ್ನು ಮುಚ್ಚಿ ಬಲಗಡೆ ಹೊಸ ಕಿಂಡಿ ಕೊರೆಯುವುದು. ಮೇಲ್ನೋಟಕ್ಕೆ ಜಾಣತನವೆನಿಸಿದರೂ ಹೊಸ ಕಿಂಡಿಗೂ ಹಳೆಯದರಷ್ಟೇ ಅಪಾಯವುಂಟು. ಅಲ್ಲದೆ ಹಳೆಯ ಜಾಗದಲ್ಲೂ, ನಡುವೆ ಕೊಯ್ದ ಗಾಯದಲ್ಲೂ ಹರ್ನಿಯಾ ಬರಬಹುದು. ಒಂದಿದ್ದ ತೊಂದರೆ ಮೂರಾಗುವ ಸಂಭವವಿರುವ ಈ ದಾರಿ ನಮಗೆ ರುಚಿಸಲಿಲ್ಲ.

ಹೊಲಿಗೆಯೊಂದೇ ಸಾಲದೆಂದು ಮನಗಂಡ ವೈದ್ಯರು ಜಾಲರಿಯ ಕಡೆ ತಿರುಗಿದರು. ಇದು ಪಾಲಿಪ್ರೊಪಿಲೀನಿನಂಥ ಕೃತಕ ನೂಲಿನಿಂದ ಹೆಣೆದ, ಸೊಳ್ಳೆಪರದೆಯಂತೆ ಕಾಣುವ ಬಟ್ಟೆ. ಅದರ ಕಣ್ಣುಗಳೊಳಗೆ ದೇಹದ ಮಾಂಸ ಬೆಳೆದು ಗೋಡೆಗೆ ಬಲ ಬರುತ್ತದೆ. ಸ್ಟೋಮಾದ ಹರ್ನಿಯಾಕ್ಕೆ ಇಂಥ ಜಾಲರಿಯನ್ನು ಬಳಸಿದ ವಿಧಾನವನ್ನು ರೋಸಿನ್ ಮತ್ತು ಬೊನಾರ್ಡಿ ಎಂಬ ವೈದ್ಯರು 1977ರಲ್ಲಿ ಪ್ರಕಟಿಸಿದರು. ಮಲ ಹಾದುಹೋಗುವ ಜಾಗದಲ್ಲಿ ಪರವಸ್ತುವನ್ನಿಟ್ಟರೆ ಕೀವಾಗದೇ ಎಂಬ ಭಯ ಸಹಜ. ಆದರೆ ಮೇಲೆ ಹೇಳಿದ 2012ರ ಪರಿಶೀಲನೆಯಲ್ಲಿ ಜಾಲರಿಗೆ ಸೋಂಕು ತಗಲಿದ್ದು ನೂರಕ್ಕೆ ಮೂವರಿಗೆ ಮಾತ್ರ.

ಜಾಲರಿಯನ್ನು ಗೋಡೆಯ ಯಾವ ಮಗ್ಗುಲಿಗೆ ಇಡಬೇಕೆಂಬುದೂ ಮುಖ್ಯ. ಚರ್ಮದ ಕೆಳಗೆ, ಸ್ನಾಯುವಿನ ಮೇಲೆ ಇಟ್ಟರೆ ಕೆಲಸ ಸುಲಭ. ಆದರೆ ಒಳಗಿನ ಒತ್ತಡ ಅದನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಸ್ನಾಯುವಿನ ಹಿಂದೆ ಅಥವಾ ಹೊಟ್ಟೆಯ ಒಳಮೈಗೆ ಇಟ್ಟರೆ ಅದೇ ಒತ್ತಡ ಜಾಲರಿಯನ್ನು ಗೋಡೆಗೆ ಅಪ್ಪಿಸುತ್ತದೆ. ಸೈಕಲ್ಲಿನ ಟಯರು ಹರಿದಾಗ ಹಳೆಯ ಟಯರಿನ ತುಂಡನ್ನು ಒಳಗಿನಿಂದ ಇಡುವರೇ ವಿನಾ ಹೊರಗಿನಿಂದ ಅಂಟಿಸುವವರಿಲ್ಲ.

ಒಳಮೈಗೆ ಇಡುವುದರಲ್ಲಿಯೂ ಎರಡು ಪಂಥಗಳುಂಟು. ಮೊದಲನೆಯದಕ್ಕೆ ಕೀಲಿಕಿಂಡಿಯ ವಿಧಾನವೆಂದು ಹೆಸರು. ಜಾಲರಿಯ ನಡುವೆ ಕರುಳಿನ ಗಾತ್ರದ ತೂತು ಮಾಡಿ, ಅಂಚಿನಿಂದ ಆ ತೂತಿನವರೆಗೆ ಸೀಳಿ, ಕರುಳಿನ ಸುತ್ತ ಕೊರಳಪಟ್ಟಿಯಂತೆ ತೊಡಿಸಿ, ಸೀಳನ್ನು ಮತ್ತೆ ಕೂಡಿಸುವುದು. ನೋಡಲು ಬಹಳ ಸಮಂಜಸ. ಆದರೆ ದೇಹದೊಳಗೆ ಜಾಲರಿ ಕಾಲಕ್ರಮದಲ್ಲಿ ಮುದುಡುತ್ತದೆ. ಮುದುಡಿದಾಗ ನಡುವಿನ ತೂತು ಅಗಲವಾಗುತ್ತದೆ, ಕರುಳು ಮತ್ತೆ ಪಕ್ಕದಿಂದ ನುಸುಳುತ್ತದೆ.

ಎರಡನೆಯದನ್ನು ಹೊರತಂದವರು ಅಮೆರಿಕೆಯ ಪಾಲ್ ಷುಗರ್‌ಬೇಕರ್. 1980ರಲ್ಲೂ ಮತ್ತೆ 1985ರಲ್ಲೂ ಅವರು ತಮ್ಮ ವಿಧಾನವನ್ನು ವಿವರಿಸಿ ಬರೆದರು. ಸಕ್ಕರೆ ಕಾಯಿಲೆಯೂ ಇರುವ ನಮ್ಮ ಅಣ್ಣನವರು ಈ ಹೆಸರು ಕೇಳಿ, ಬಹಳ ದಿನಗಳ ಬಳಿಕ ಮೊದಲ ಬಾರಿಗೆ ನಕ್ಕರು. ಷುಗರ್‌ಬೇಕರರ ಜಾಲರಿಯಲ್ಲಿ ತೂತೇ ಇಲ್ಲ. ಸ್ಟೋಮಾಕ್ಕೆ ಹೋಗುವ ಕರುಳನ್ನು ನೆಟ್ಟಗೆ ಕಿಂಡಿಗೆ ಬಿಡದೆ, ಒಂದು ಮಗ್ಗುಲಿಗೆ ವಾಲಿಸಿ ಹೊಟ್ಟೆಯ ಒಳಗೋಡೆಗೆ ಒರಗಿಸುತ್ತಾರೆ. ಆ ಮೇಲೆ ಕಿಂಡಿಯನ್ನೂ ಒರಗಿದ ಕರುಳನ್ನೂ ಸೇರಿಸಿ ಅಗಲವಾದ ಇಡೀ ಜಾಲರಿಯನ್ನು ಮುಚ್ಚುತ್ತಾರೆ. ಚಾಪೆಯಡಿಯಲ್ಲಿ ರಬ್ಬರಿನ ಕೊಳವೆಯನ್ನು ಹಾಯಿಸಿದಂತೆ ಕರುಳು ಜಾಲರಿಯ ಒಂದು ಅಂಚಿನಿಂದ ನುಗ್ಗಿ, ಸ್ವಲ್ಪ ದೂರ ಮರೆಯಲ್ಲಿ ಸಾಗಿ ಕಿಂಡಿಯನ್ನು ಸೇರುತ್ತದೆ. ಹೊಟ್ಟೆಯೊಳಗೆ ಒತ್ತಡ ಏರಿದಾಗ ಜಾಲರಿಯೂ ಕರುಳೂ ಒಟ್ಟಿಗೇ ಗೋಡೆಗೆ ಒತ್ತಿಕೊಳ್ಳುವುದರಿಂದ, ಬೇರೆ ಕರುಳಿಗೆ ನುಗ್ಗಲು ದಾರಿ ಸಿಗುವುದಿಲ್ಲ. ಲ್ಯಾಪರೊಸ್ಕೋಪಿಯಿಂದ, ಅಂದರೆ ಸಣ್ಣ ತೂತುಗಳ ಮೂಲಕ ಕ್ಯಾಮರಾ ಇಳಿಸಿ ಮಾಡುವ ಶಸ್ತ್ರಕ್ರಿಯೆಗಳಲ್ಲಿ, ಕೀಲಿಕಿಂಡಿಯ ವಿಧಾನದಿಂದ ನೂರಕ್ಕೆ ಸುಮಾರು 35 ಮಂದಿಗೆ ಮರುಕಳಿಸಿದರೆ ಷುಗರ್‌ಬೇಕರರದರಿಂದ ಸುಮಾರು 12 ಮಂದಿಗೆ ಮಾತ್ರ ಮರುಕಳಿಸಿತ್ತೆಂದು ಅದೇ ಪರಿಶೀಲನೆ ಹೇಳಿತು. ಜರ್ಮನಿಯ ಬೆರ್ಗರ್ ಎಂಬವರು ಎರಡನ್ನೂ ಕೂಡಿಸಿ, ಒಂದರ ಮೇಲೊಂದು ಎರಡು ಜಾಲರಿ ಇಡುವ ಕ್ರಮವನ್ನು 2007ರಲ್ಲಿ ತಿಳಿಸಿದರು. ಅದರ ಫಲಿತಾಂಶ ಇನ್ನೂ ಮೇಲು; ಆದರೆ ಲೆಕ್ಕಕ್ಕೆ ಸಿಕ್ಕ ರೋಗಿಗಳು ಐವತ್ತನ್ನೂ ಮುಟ್ಟುವುದಿಲ್ಲ.

ಹಾಗಾದರೆ ತೀರ್ಮಾನವಾಯಿತೆನ್ನೋಣವೇ? ಈ ಅಂಕಿಗಳಲ್ಲಿ ಹೆಚ್ಚಿನವು ಬೇರೆ ಬೇರೆ ಆಸ್ಪತ್ರೆಗಳು ತಮ್ಮ ತಮ್ಮ ರೋಗಿಗಳ ಬಗ್ಗೆ ಬರೆದ ಚಿಕ್ಕ ವರದಿಗಳಿಂದ ಬಂದವು. ಒಂದೇ ತರಗತಿಯಲ್ಲಿ ಒಂದೇ ಪರೀಕ್ಷೆ ಬರೆಯದ ಮಕ್ಕಳ ಅಂಕಗಳನ್ನು ಹೋಲಿಸುವುದೆಷ್ಟು ಸರಿಯೋ ಇದೂ ಅಷ್ಟೇ ಸರಿ. ಈಚೆಗೆ ಸ್ನಾಯುವಿನ ಪದರಗಳನ್ನು ಬಿಡಿಸಿ, ಕರುಳಿಗೆ ನೇರವಾಗಿ ತಗಲದಂತೆ ಅವುಗಳ ಹಿಂದೆ ಜಾಲರಿ ಹಾಸುವ ದೊಡ್ಡ ಶಸ್ತ್ರಕ್ರಿಯೆ ರೂಢಿಗೆ ಬಂದಿದೆ. ಷುಗರ್‌ಬೇಕರರ ಉಪಾಯವನ್ನು ಆ ಪದರದೊಳಗೇ ಹೊಂದಿಸುವ ಕ್ರಮವನ್ನು ಅಮೆರಿಕೆಯ ಎರಿಕ್ ಪಾಲಿ ಮತ್ತವರ ಸಂಗಡಿಗರು 2016ರಲ್ಲಿ ವಿವರಿಸಿದರು. ಹೊಟ್ಟೆ ತೆರೆದು ಮಾಡುವ ಈ ರಿಪೇರಿಯಲ್ಲಿ ಎರಡು ಪಂಥಗಳನ್ನೂ ಚೀಟಿ ಎತ್ತಿದಂತೆ 150 ರೋಗಿಗಳಿಗೆ ಹಂಚಿ ನೋಡಿದ ಪ್ರಯೋಗದ ಫಲ 2024ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಕೊನೆಗೆ ಷುಗರ್‌ಬೇಕರರ ಕ್ರಮದಲ್ಲಿ ನೂರಕ್ಕೆ 17, ಕೀಲಿಕಿಂಡಿಯಲ್ಲಿ 24 ಮಂದಿಗೆ ಮರುಕಳಿಸಿತ್ತು. ಇಷ್ಟು ಕಡಿಮೆ ಮಂದಿಯಲ್ಲಿ ಇಷ್ಟು ಅಂತರ ಆಕಸ್ಮಿಕವೂ ಆಗಿರಬಹುದಾದ್ದರಿಂದ, ಒಂದು ಇನ್ನೊಂದಕ್ಕಿಂತ ಮೇಲೆಂದು ಅವರು ಸಾರಲಿಲ್ಲ. ಹೊಲಿಗೆಗಿಂತ ಜಾಲರಿ ಮೇಲೆಂಬುದರಲ್ಲಿ ಮಾತ್ರ ನಮಗೆ ಸಂಶಯ ಉಳಿಯಲಿಲ್ಲ.

2022ರಲ್ಲಿ ದೂರದ ಪಟ್ಟಣವೊಂದರಲ್ಲಿ ಅಣ್ಣನವರನ್ನು ಪರೀಕ್ಷಿಸಿದ ವೈದ್ಯೆಗೆ ಕನ್ನಡ ಬರುತ್ತಿತ್ತು. ಮೊದಲು ಸಿ.ಟಿ. ಚಿತ್ರ ತೆಗೆಸಿ, ಅರ್ಬುದ ಮರಳಿಲ್ಲವೆಂದು ಖಚಿತಪಡಿಸಿಕೊಂಡರು. ಬಳಿಕ ಒಪ್ಪಿಗೆಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೊಟ್ಟೆಯ ಗೋಡೆಯನ್ನೂ ಕರುಳನ್ನೂ ಬರೆದು ತೋರಿಸಿದರು. ಕರುಳು ಸಾಕಷ್ಟು ಉದ್ದವಿರುವುದರಿಂದ ವಾಲಿಸಿ ಒರಗಿಸಬಹುದು, ಆದುದರಿಂದ ಲ್ಯಾಪರೊಸ್ಕೋಪಿಯಿಂದ ಷುಗರ್‌ಬೇಕರ್ ವಿಧಾನ ಮಾಡುವೆವೆಂದರು. ಕರುಳು ಗಿಡ್ಡವಾಗಿದ್ದರೆ ಅದು ಸಾಧ್ಯವಿಲ್ಲವಂತೆ. ಹಾಗೆ ವಾಲಿಸಿದ ಜಾಗದಲ್ಲಿ ಕರುಳು ಮಡಿಚಿ ಕಟ್ಟಿಕೊಳ್ಳಬಹುದು, ಅಪರೂಪಕ್ಕೆ ಜಾಲರಿ ಕರುಳನ್ನು ಸವೆಸಲೂಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಕರುಳಿಗೆ ತಾಗುವ ಮಗ್ಗುಲು ನುಣುಪಾಗಿರುವ ಜಾಲರಿಯನ್ನೇ ಬಳಸಬೇಕು, ಬರಿಯ ಪಾಲಿಪ್ರೊಪಿಲೀನ್ ಕರುಳಿಗೆ ಅಂಟಿಕೊಂಡೀತು ಎಂದರು. "ಬೀಡಿ ಬಿಟ್ಟು ಎರಡು ತಿಂಗಳಾದ ಮೇಲೆ ಬನ್ನಿ, ಅದುವರೆಗೆ ನಾನು ಕತ್ತಿ ಹಿಡಿಯುವುದಿಲ್ಲ" ಎಂದು ಹಿಂದಕ್ಕೆ ಕಳುಹಿಸಿದರು. ಅತ್ತಿಗೆಯವರು ನಲವತ್ತು ವರ್ಷ ಹೇಳಿ ಆಗದಿದ್ದುದು ಆ ಮಾತಿನಿಂದ ಆಯಿತು.

ಹರ್ನಿಯಾ ಬಾರದಂತೆ ಮೊದಲೇ ತಡೆಯಬಹುದೇ ಎಂದೂ ಕೇಳಿದೆವು. ಸ್ಟೋಮಾ ಮಾಡುವಾಗಲೇ ಜಾಲರಿ ಇಟ್ಟುಬಿಡುವ ಪ್ರಯತ್ನಗಳು ನಡೆದಿವೆ. ನೆದರ್ಲೆಂಡಿನಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷಕ್ಕೆ ಜಾಲರಿ ಇಲ್ಲದವರಲ್ಲಿ ನೂರಕ್ಕೆ 24, ಇದ್ದವರಲ್ಲಿ ಐದಕ್ಕಿಂತ ಕಡಿಮೆ ಮಂದಿಗೆ ಹರ್ನಿಯಾ ಕಂಡಿತು. ಸ್ವೀಡನ್ನಿನಲ್ಲಿ 2019ರಲ್ಲಿ ಹೊರಬಂದ ಇನ್ನೊಂದು ಪ್ರಯೋಗದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹೀಗೆ ದೊಡ್ಡವರೊಳಗೇ ಒಮ್ಮತವಿಲ್ಲ. ಶಾಶ್ವತ ಕೊಲೊಸ್ಟಮಿ ಮಾಡಿಸಿಕೊಳ್ಳಲಿರುವ ಮನೆಯವರು ಈ ಮಾತನ್ನು ವೈದ್ಯರಲ್ಲಿ ಎತ್ತಿ ನೋಡಬಹುದು.

ಎರಡನೆಯ ರಿಪೇರಿಯಾಗಿ ಮೂರು ವರ್ಷ ಮೀರಿದೆ. ಮೊದಲ ವಾರ ಕರುಳು ಸರಿಯಾಗಿ ಚಲಿಸದೆ ನಾಲ್ಕು ದಿನ ಗಂಜಿಯೂ ಇಳಿಯದೆ ನಮ್ಮೆಲ್ಲರ ಜೀವ ಹೋಗಿ ಬಂದಿತ್ತು. ಐದನೆಯ ದಿನ ತಾನಾಗಿಯೇ ಸರಿಹೋಯಿತು. ಕಳೆದ ಸಲದ ತಪಾಸಣೆಯಲ್ಲಿ ಉಬ್ಬು ಕಂಡಿಲ್ಲ. ಚೀಲ ಗಟ್ಟಿಯಾಗಿ ಕೂರುತ್ತದೆ. ಔಷಧಿಯ ಪಂಪು ಈಗ ಮಗನ ಬೆನ್ನಿಗೆ ಏರಿದೆ. ಅಣ್ಣನವರು ಕೆಳಗೆ ನಿಂತು ಅಡಕೆ ಹೆಕ್ಕುತ್ತಾರೆ, ಬುಟ್ಟಿ ಅರ್ಧ ತುಂಬಿದಾಗ ಇನ್ನೊಬ್ಬರನ್ನು ಕರೆಯುತ್ತಾರೆ. ಕಳೆದ ವೈಶಾಖದಲ್ಲಿ ತಂಗಿಯ ಮಗಳ ಮದುವೆಗೆ ಬಂದು, ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲೇ ಕುಳಿತು, ಎರಡು ಹೋಳಿಗೆ ತಿಂದರು. ಸಕ್ಕರೆ ಕಾಯಿಲೆಯ ನೆನಪು ಮಾಡೋಣವೆಂದಿದ್ದೆವು. ಅತ್ತಿಗೆಯವರು ಬೇಡವೆಂದು ಕಣ್ಸನ್ನೆ ಮಾಡಿದರು.